ಒರೆಸುವ ದಿಕ್ಕು

ಜನವರಿ 5

ಪಾಪು,

ಕ್ಷೇಮ ಸಮಾಚಾರ ಆಮೇಲೆ, ಮೊದಲು ಜಗಳ.

ನಿನ್ನ ಕಾಗದ ನಿನ್ನೆ ಬಂತು. ನಾಲ್ಕು ಪುಟ. ಅದರಲ್ಲಿ ‘ಮೇಡಂ’ ಎಂಬ ಮಾತು ಹದಿನೇಳು ಸಲ ಇದೆ. ‘ಅಮ್ಮ’ ಎರಡು ಸಲ, ಒಂದು ಶುರುವಿನಲ್ಲಿ, ಒಂದು ಕೊನೆಯಲ್ಲಿ. ನಾನು ಬೆರಳು ಮಡಚಿ ಎಣಿಸುವುದನ್ನು ನೋಡಿ ನಿನ್ನಪ್ಪ ನಕ್ಕರು. “ಹೊಟ್ಟೆಕಿಚ್ಚು ಪಡೋಕೂ ಒಂದು ವಯಸ್ಸು ಅಂತ ಇರುತ್ತೆ ಕಣೆ” ಅಂದರು. ಮೂವತ್ತು ವರ್ಷ ಬಸ್ಸು ಓಡಿಸಿದವರಿಗೆ, ಹಿಂದೆ ಕೂತವರು ಯಾಕೆ ಮುಖ ಊದಿಸಿಕೊಂಡಿದ್ದಾರೆ ಎಂದು ಹೇಗೆ ಗೊತ್ತಾಗಬೇಕು?

ನೀನು ಆ ಆಸ್ಪತ್ರೆಗೆ ಸೇರಿ ಮೂರು ತಿಂಗಳಾಯಿತು. ರೋಗಿಗಳಿಗೆ ವಿಕಿರಣ ಸೂಸುವ ಔಷಧಿ ಕೊಡುವ ವಿಭಾಗ ಎಂದು ಕೇಳಿದಾಗಲೇ ಹೋಗಬೇಡ ಎನ್ನಬೇಕೆನಿಸಿತ್ತು. ಆದರೂ ಬಾಯಿಗೆ ಬೀಗ ಹಾಕಿಕೊಂಡು ನಿನ್ನ ಪೆಟ್ಟಿಗೆ ಜೋಡಿಸಿಕೊಟ್ಟೆ. ಅಲ್ಲಿ ಏನೋ ದೊಡ್ಡ ಯಂತ್ರ ನಡೆಸುವುದನ್ನು ಕಲಿಯುತ್ತೀಯ ಎಂದುಕೊಂಡಿದ್ದೆ. ಈಗ ನೋಡಿದರೆ, ಅಲ್ಲಿನ ಸುರಕ್ಷತಾ ಅಧಿಕಾರಿಯಾದ ನಿನ್ನ ಮೇಡಂ ನಿನಗೆ ನೆಲ ಒರೆಸುವುದನ್ನು ಕಲಿಸುತ್ತಿದ್ದಾರಂತೆ. ಔಷಧಿ ಚೆಲ್ಲಿದರೆ ಏನು ಮಾಡಬೇಕು ಎಂದು ಎರಡು ವಾರದ ಪಾಠವಂತೆ. “ಮೇಡಂ ಎಷ್ಟು ಚೆನ್ನಾಗಿ ಒರೆಸುತ್ತಾರೆ ಗೊತ್ತಾ” ಎಂದು ಬರೆದಿದ್ದೀಯ.

ಯಾರಿಗೆ ಬರೆಯುತ್ತಿದ್ದೀಯ ಎಂಬ ಪರಿವೆ ಇದೆಯೇ? ಹನ್ನೊಂದು ಜನರನ್ನು ಇಟ್ಟುಕೊಂಡು ಆರು ಮಹಡಿಯ ಕಚೇರಿಯನ್ನು ದಿನಾ ಗುಡಿಸಿ ಒರೆಸಿಸುವವಳಿಗೆ. ಅಲ್ಲಿ ನನ್ನನ್ನು ‘ಕನ್ನಡಿ’ ಎಂದು ಕರೆಯುವುದು ನನ್ನ ಮುಖ ನೋಡಿ ಅಲ್ಲ, ನೆಲ ನೋಡಿ. ನಿನಗೆ ಏಳು ವರ್ಷವಾಗಿದ್ದಾಗ ನಿನ್ನ ಕೈ ಮೇಲೆ ನನ್ನ ಕೈ ಇಟ್ಟು ಕಲಿಸಿದೆ. ಒಳಮೂಲೆಯಿಂದ ಶುರು ಮಾಡು, ನೀರಿಗೆ ಜಿಪುಣತನ ಬೇಡ, ಕೈಯನ್ನು ಅಗಲಕ್ಕೆ ಬೀಸು, ಹಿಂದೆ ಹಿಂದೆ ಸರಿಯುತ್ತ ಬಾಗಿಲಿಗೆ ಬಾ. ಶಾಲೆಗೆ ರಜೆ ಬಂದರೆ ನನ್ನ ಜೊತೆ ಮಹಡಿ ಹತ್ತಿ ಒರೆಸುತ್ತಿದ್ದ ಹುಡುಗಿಗೆ ಈಗ ಅದಕ್ಕೊಬ್ಬರು ಗುರು ಬೇಕಾದರು.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ “ಆಯ್ತಮ್ಮ, ಆಯ್ತಮ್ಮ” ಎಂದು ಮುಗಿಸಿಬಿಡುತ್ತೀಯ. ಅದಕ್ಕೇ ಬರೆದೆ. ನಾವಿಬ್ಬರೂ ಚೆನ್ನಾಗಿದ್ದೇವೆ. ತಿಂಗಳ ಕೊನೆಗೆ ರಜೆಯಲ್ಲಿ ಬರುತ್ತೀಯಲ್ಲ, ಉಳಿದ ಜಗಳ ಆಗ.

ನಿನಗೆ ಮೊದಲು ಒರೆಸಲು ಕಲಿಸಿದ
ಅಮ್ಮ


ಜನವರಿ 16

ಅಮ್ಮ,

ಓದುವ ಮೊದಲೇ ಎಣಿಸಿಕೋ ಅಮ್ಮ, ಈ ಸಲ ನೀನೇ ಜಾಸ್ತಿ ಇರುತ್ತೀಯ ಅಮ್ಮ.

ಇಲ್ಲಿ ಒರೆಸುವುದು ನೆಲ ಹೊಳೆಯಲಿ ಎಂದಲ್ಲ. ಚೆಲ್ಲಿದ್ದು ಬರೀ ನೀರಿನ ಹಾಗೆ ಕಾಣುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಒಂದು ಹನಿ ಕಾಲಿಗೆ ಅಂಟಿದರೆ ಅದು ಕಾರಿಡಾರಿಗೆ, ಬಸ್ಸಿಗೆ, ಮನೆಯೊಳಕ್ಕೆ ನಮ್ಮ ಜೊತೆಗೇ ನಡೆದು ಬರುತ್ತದೆ. ಆದ್ದರಿಂದ ಮೊದಲು ಒರೆಸಲೇಬಾರದು. ಮೊದಲು ಕೂಗಬೇಕು, ಚೆಲ್ಲಿದೆ, ಯಾರೂ ಬರಬೇಡಿ ಎಂದು. ಒಳಗಿದ್ದವರು ಇದ್ದಲ್ಲೇ ನಿಲ್ಲಬೇಕು, ವಿಕಿರಣ ಅಳೆಯುವ ಮೀಟರು ಹಿಡಿದು ನೋಡದೆ ಯಾರೂ ಹೊರಗೆ ಹೋಗುವಂತಿಲ್ಲ. ಚೆಲ್ಲಿದ್ದರ ಮೇಲೆ ಹೀರುವ ಕಾಗದ ಹಾಸಿ ಮುಚ್ಚಬೇಕು, ಸುತ್ತ ಗುರುತು ಹಾಕಬೇಕು. ಕೈಗೆ ಎರಡೆರಡು ಗವಸು, ಕಾಲಿಗೆ ಹೊದಿಕೆ. ಆಮೇಲೆ ಒರೆಸುವುದು, ಅದೂ ಹೊರ ಅಂಚಿನಿಂದ ನಡುವಿಗೆ. ಒಂದು ಕಾಗದವನ್ನು ಒಂದೇ ಸಲ ಎಳೆದು, ಒಳಮುಖವಾಗಿ ಮಡಚಿ ಚೀಲಕ್ಕೆ ಹಾಕಬೇಕು. ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. “ಚೆಲ್ಲಿದ್ದು ಬೆಳೀಬಾರದು, ಅಷ್ಟೇ ನಮ್ಮ ಕೆಲಸ” ಎನ್ನುತ್ತಾರೆ ಮೇಡಂ. ಅಂದರೆ ನೀನು ಕಲಿಸಿದ್ದಕ್ಕೆ ಎಲ್ಲವೂ ಉಲ್ಟಾ.

ಬಣ್ಣದ ನೀರು ಚೆಲ್ಲಿ ಅಭ್ಯಾಸ ಮಾಡಿಸುತ್ತಾರೆ. ಒಂದು ದಿನ ನಾನು ಯೋಚಿಸದೆ ಕೈ ಬೀಸಿದೆ. “ಯಾರು ಕಲಿಸಿದ್ದು ನಿನಗೆ ಹೀಗೆ?” ಎಂದು ಕೇಳಿದರು. “ನಮ್ಮಮ್ಮ” ಅಂದೆ. ಎಲ್ಲರೂ ನಕ್ಕರು. ಮೇಡಂ ಮಾತ್ರ ನಗದೆ ಮುಂದಿನ ಪಾಠಕ್ಕೆ ಹೋದರು.

ಒಂದು ವಿಷಯ, ಬೈಯಬಾರದು. ಈ ತಿಂಗಳ ಕೊನೆಗೆ ಬರಲು ಆಗುವುದಿಲ್ಲ. ಮೇಡಂ ಬೇರೆ ಆಸ್ಪತ್ರೆಗಳವರಿಗೆ ಒಂದು ವಾರ ತರಬೇತಿ ಕೊಡುತ್ತಿದ್ದಾರೆ, ಅವರಿಗೆ ಸಹಾಯಕ್ಕೆ ನನ್ನನ್ನೇ ಆರಿಸಿದ್ದಾರೆ. ಹೊಸಬರಲ್ಲಿ ನನ್ನೊಬ್ಬಳನ್ನೇ ಅಮ್ಮ. ಇಲ್ಲಿ ಚಳಿ ಜಾಸ್ತಿ, ಅವರ ಸ್ವೆಟರ್ ಕೊಟ್ಟಿದ್ದಾರೆ. ಮಧ್ಯಾಹ್ನ ಅವರ ಕೋಣೆಯಲ್ಲೇ ಊಟ. ಅವರಿಗೂ ನಿನ್ನದೇ ವಯಸ್ಸು, ಒಬ್ಬರೇ ಇರುತ್ತಾರೆ. ನೀನು ನೋಡಿದರೆ ನಿನಗೂ ಇಷ್ಟವಾಗುತ್ತಾರೆ.

ಅಪ್ಪನಿಗೆ ಮಂಡಿನೋವು ಹೇಗಿದೆ ಬರೆ.

ನಿನ್ನ
ಪಾಪು


ಫೆಬ್ರವರಿ 4

ಪಾಪು,

ಎಣಿಸಿದೆ. ಬರುವುದಿಲ್ಲ ಎಂದು ಹೇಳುವುದಕ್ಕೆ ಅಷ್ಟೊಂದು ಸಲ ಅಮ್ಮ ಅಮ್ಮ ಎನ್ನಬೇಕಾಯಿತೇ?

ನೀನು ಬರುತ್ತೀಯ ಎಂದು ಆರು ದಿನ ರಜೆ ಹಾಕಿದ್ದೆ. ನಿನ್ನ ಕೋಣೆಯ ಕಿಟಕಿಗೆ ಹೊಸ ಪರದೆ ಹೊಲಿಸಿದ್ದೆ. ಅಲ್ಲಾಡುವ ಮಂಚದ ಕಾಲನ್ನು ನಿನ್ನಪ್ಪ ಸರಿಮಾಡಿದ್ದರು. ರಜೆಯನ್ನು ವಾಪಸು ಪಡೆಯಲು ಮನಸ್ಸಾಗಲಿಲ್ಲ. ಆರು ದಿನವೂ ಮನೆಯಲ್ಲಿ ಕೂತು ನಿನ್ನ ಮೇಡಂ ಬಗ್ಗೆಯೇ ಯೋಚಿಸಿದೆ.

ಬಚ್ಚಿಟ್ಟುಕೊಂಡು ಏನು ಮಾಡಲಿ, ಹೇಳಿಯೇಬಿಡುತ್ತೇನೆ. ನನಗೆ ಹೊಟ್ಟೆ ಉರಿಯುತ್ತಿದೆ. ಅವರ ಸ್ವೆಟರ್ ಹಾಕಿಕೊಂಡಿದ್ದೀಯ ಎಂದು ಓದಿದ ಮೇಲೆ, ನಾನು ಇಟ್ಟುಕೊಟ್ಟ ಶಾಲು ಎಲ್ಲಿ ಹೋಯಿತು ಎಂಬುದು ತಲೆಯಿಂದ ಇಳಿಯುತ್ತಿಲ್ಲ. ಫೋನಿನಲ್ಲೂ ನೀನು ಈಗ ಬೇರೆ ಥರ ಮಾತಾಡುತ್ತೀಯ. ಮೊದಲು ಸ್ವಲ್ಪ ಸುಮ್ಮನಿರುವುದು, ಆಮೇಲೆ ನಿಧಾನಕ್ಕೆ “ನೋಡೋಣ” ಎನ್ನುವುದು. ನಮ್ಮ ಮನೆಯಲ್ಲಿ ಯಾರು ಹಾಗೆ ಮಾತಾಡುತ್ತಾರೆ? ನಮ್ಮದು ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುವ ಮನೆ. ಅದು ಯಾರ ಮಾತು ಎಂದು ನನಗೆ ಗೊತ್ತು.

ನಿನಗೆ ಟೈಫಾಯಿಡ್ ಬಂದಾಗ ಹದಿನಾಲ್ಕು ದಿನ ಪಕ್ಕದಲ್ಲಿ ಕೂತಿದ್ದವರು ಯಾರು ಎಂದು ಅವರನ್ನು ಕೇಳು. ಹೆರದೆ, ಮೂಗು ಒರೆಸದೆ, ಬೆಳೆದು ನಿಂತ ಹುಡುಗಿ ಕೈಗೆ ಸಿಕ್ಕಿದರೆ ಯಾರಿಗೆ ತಾನೇ ಮುದ್ದು ಬರುವುದಿಲ್ಲ? ಈ ಸಾಲು ಬೇಡವಾಗಿತ್ತು ಎನ್ನುತ್ತಾರೆ ನಿನ್ನಪ್ಪ. ಬರೆದಾಗಿದೆ, ಹೊಡೆದುಹಾಕುವುದಿಲ್ಲ.

ಮಂಡಿನೋವು ಹಾಗೇ ಇದೆ.

ಇನ್ನೂ ನೆನಪಿದ್ದರೆ,
ಅಮ್ಮ


ಮಾರ್ಚ್ 15

ಅಮ್ಮ,

ನಿನ್ನ ಕಾಗದ ಬಂದು ಐದು ವಾರವಾಯಿತು, ಉತ್ತರ ಬರೆಯಲಿಲ್ಲ. ಫೋನಿನಲ್ಲೂ ಕೆಲಸ ಜಾಸ್ತಿ ಎಂದು ತೇಲಿಸಿದೆ. ಮೊದಲು ನೀನು ಮೇಡಂ ಬಗ್ಗೆ ಬರೆದ ಆ ಸಾಲಿಗೆ ಕೋಪ ಬಂದಿತ್ತು. ಆಮೇಲೆ ಬರೆಯಲು ಧೈರ್ಯವಿರಲಿಲ್ಲ.

ಫೆಬ್ರವರಿ ಇಪ್ಪತ್ತೇಳರಂದು ನನ್ನ ಕೈಯಿಂದ ಚೆಲ್ಲಿತು. ಬಣ್ಣದ ನೀರಲ್ಲ, ನಿಜವಾದದ್ದು.

ಗಂಟಲಿನ ಗ್ರಂಥಿಯ ಕಾಯಿಲೆಗೆ ಕೊಡುವ ಅಯೋಡಿನ್ ಔಷಧಿ. ಸೀಸದ ಡಬ್ಬಿಯಿಂದ ಇಕ್ಕಳದಲ್ಲಿ ಶೀಸೆ ಎತ್ತುವಾಗ ಜಾರಿತು. ನೆಲದ ಮೇಲೆ ಅಂಗೈಯಷ್ಟು ಒದ್ದೆ. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಕೂಗಬೇಕಿತ್ತು. ಹೀರುವ ಕಾಗದ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಪಾಠವೆಲ್ಲ ಬಾಯಿಗೆ ಬರುತ್ತಿತ್ತು, ಬೇರೆಯವರಿಗೆ ಹೇಳಿಕೊಟ್ಟೂ ಇದ್ದೆ. ಆದರೆ ಕೂಗುವ ಮೊದಲೇ ಕೈ ಓಡಿತು. ಸಿಂಕಿನ ಪಕ್ಕದಲ್ಲಿದ್ದ ಬಟ್ಟೆಯನ್ನು ನೀರಲ್ಲಿ ಅದ್ದಿ ಅಗಲಕ್ಕೆ ಬೀಸಿದೆ. ಬೀಸುತ್ತ ಬೀಸುತ್ತ ಹಿಂದೆ ಸರಿದು ಬಾಗಿಲಿಗೆ ಬಂದೆ. ಎಷ್ಟು ಚೊಕ್ಕಟವಾಗಿ ಒರೆಸಿದ್ದೆ ಎಂದರೆ, ನೀನು ನೋಡಿದ್ದರೆ ಭೇಷ್ ಅನ್ನುತ್ತಿದ್ದೆ. ಬಾಗಿಲ ಬಳಿಯ ಮೀಟರು ಕಿರುಚಿದಾಗ ನನಗೆ ಎಚ್ಚರವಾಯಿತು. ಅಂಗೈಯಷ್ಟು ಇದ್ದದ್ದು ಕೋಣೆಯಷ್ಟಾಗಿತ್ತು. ನನ್ನ ಬೂಟಿನ ಜೊತೆ ಕಾರಿಡಾರಿಗೂ ನಾಲ್ಕು ಹೆಜ್ಜೆ ಹೋಗಿತ್ತು.

ಮೇಡಂ ಕಾರಿಡಾರಿನ ಆ ತುದಿಯಲ್ಲಿದ್ದರು. “ಅಲ್ಲೇ ನಿಲ್ಲು. ಒಂದು ಹೆಜ್ಜೆನೂ ಇಡಬೇಡ” ಅಂದರು. ಓಡಿ ಬರಲಿಲ್ಲ. ಎರಡೂ ಕಡೆ ಜನರನ್ನು ತಡೆದು, ಹಗ್ಗ ಕಟ್ಟಿಸಿ, ಕಾಲಿಗೆ ಹೊದಿಕೆ ಹಾಕಿಕೊಂಡು, ಮೀಟರಿನಲ್ಲಿ ನೆಲ ನೋಡುತ್ತ ನೋಡುತ್ತ ನಡೆದು ಬಂದರು. ನನ್ನ ಬೂಟು, ಕೋಟು, ಗವಸು ಎಲ್ಲವನ್ನೂ ಅಲ್ಲೇ ಬಿಚ್ಚಿಸಿ, ಒಳಗು ಹೊರಗಾಗಿ ಸುತ್ತಿ ಚೀಲಕ್ಕೆ ಹಾಕಿದರು. ಮಣಿಕಟ್ಟಿನ ಕಡೆಯಿಂದ ಗವಸಿನೊಳಕ್ಕೆ ನೀರು ಇಳಿದಿತ್ತು. ಅವರೇ ನನ್ನ ಕೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸೋಪು ಹಚ್ಚಿ ಮೆತ್ತಗೆ ತೊಳೆದರು. ಗಸಗಸ ಉಜ್ಜಬಾರದು, ಚರ್ಮ ತರಚಿದರೆ ಒಳಕ್ಕೆ ಹೋಗುತ್ತದೆ. ಒಂದು ಸಲ ತೊಳೆಯುವುದು, ಮೀಟರು ಹಿಡಿದು ನೋಡುವುದು, ಮತ್ತೆ ತೊಳೆಯುವುದು. ಹೀಗೆ ಇಪ್ಪತ್ತು ನಿಮಿಷ. ನಾನು ಅಳುತ್ತಿದ್ದೆ. “ಮುಖ ಮುಟ್ಕೋಬೇಡ” ಎಂದು ನನ್ನ ಕಣ್ಣನ್ನೂ ಅವರೇ ಒರೆಸಿದರು.

ಬೇರೆ ಯಾರಿಗೂ ತಗುಲಲಿಲ್ಲ. ಕಾರಿಡಾರು ಅದೇ ದಿನ ಶುದ್ಧವಾಯಿತು. ಕೋಣೆಗೆ ಮಾತ್ರ ಬೀಗ ಹಾಕಿದ್ದಾರೆ. ಈ ಔಷಧಿ ಎಂಟು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ಮೇ ತಿಂಗಳ ನಡುವಿನ ತನಕ ಆ ಕೋಣೆ ಮುಚ್ಚಿಯೇ ಇರಬೇಕು. ರೋಗಿಗಳನ್ನು ಬೇರೆ ಆಸ್ಪತ್ರೆಗೆ ಕಳಿಸುತ್ತಿದ್ದಾರೆ. ಈ ತಿಂಗಳ ಮೂವತ್ತಕ್ಕೆ ವಿಚಾರಣೆ. ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲವಲ್ಲ, ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ತಪ್ಪು ತನ್ನದು, ತಾನು ಸರಿಯಾಗಿ ತರಬೇತಿ ಕೊಡಲಿಲ್ಲ ಎಂದು ಮೇಡಂ ಬರೆದುಕೊಟ್ಟಿದ್ದಾರೆ.

ನಾನು ಚೆನ್ನಾಗಿದ್ದೇನೆ. ನಿಜವಾಗಲೂ.

ಪಾಪು


ಮಾರ್ಚ್ 20

ಪಾಪು,

ನಿನ್ನ ಕಾಗದವನ್ನು ನಿಂತುಕೊಂಡೇ ಓದಿದೆ, ಆಮೇಲೆ ಕೂತು ಓದಿದೆ. ನಿನ್ನಪ್ಪ ಓದಿ ಹೊರಗೆ ಹೋಗಿ ನಿಂತರು. ನಿಜವಾಗಲೂ ಎಂದು ಬೇರೆ ಬರೆದಿದ್ದೀಯಲ್ಲ, ಆ ಮಾತೇ ನನಗೆ ಹಿಡಿಸಲಿಲ್ಲ. ಕೈ ಕೆಂಪಾಗಿದೆಯೇ, ಸಿಪ್ಪೆ ಏಳುತ್ತಿದೆಯೇ, ಎಲ್ಲ ಬರೆ. ಈಗಲೇ ಹೊರಟುಬರುತ್ತೇನೆ ಎಂದರೆ ನೀನು ಬೇಡ ಎನ್ನುತ್ತೀಯ, ಅದೂ ಗೊತ್ತು.

ಇಪ್ಪತ್ತು ನಿಮಿಷ ನಿನ್ನ ಕೈ ತೊಳೆದರೇ ಅವರು? ಕಣ್ಣೂ ಒರೆಸಿದರೇ? ಕೃತಜ್ಞತೆ ಇರಬೇಕು ನನಗೆ. ಇದೆ. ಅದರ ಜೊತೆ ಇನ್ನೊಂದೂ ಇದೆ, ಅದು ಏನು ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ನಾನು ಇಲ್ಲಿ ಕೂತು ನಿನ್ನ ಮೇಲೆ ಮುನಿಸಿಕೊಂಡಿದ್ದಾಗ ಅಲ್ಲಿ ನಿನ್ನ ಕೈ ಹಿಡಿದವರು ಅವರು.

ಆದರೆ ಒಂದು ಮಾತ್ರ ನನಗೆ ಸಹಿಸಲಾಗುತ್ತಿಲ್ಲ. ಒಳಮೂಲೆಯಿಂದ ಬಾಗಿಲಿಗೆ ಅಗಲಕ್ಕೆ ಬೀಸಿದ ಕೈ ಅವರದೇ? ತಪ್ಪು ತನ್ನದು ಎಂದು ಬರೆದುಕೊಡಲು ಅವರು ಯಾರು? ನಾಳೆ ನಿನ್ನ ಕೆಲಸ ಉಳಿದರೆ ಜೀವನವಿಡೀ ಅವರ ಹೆಸರು ಹೇಳಿಕೊಂಡು ಓಡಾಡುತ್ತೀಯ.

ನಿಮ್ಮ ಆಸ್ಪತ್ರೆಯ ವಿಳಾಸ ನಿನ್ನ ಲಕೋಟೆಯ ಹಿಂದೆಯೇ ಇದೆ. ಅವರಿಗೇ ಬರೆಯುತ್ತೇನೆ, ತಡೆಯಬೇಡ.

ಅಮ್ಮ


ಮಾರ್ಚ್ 21

ಮೇಡಂ ಅವರಿಗೆ,

ನಾನು ಪಾಪುವಿನ ತಾಯಿ. ನಿಮಗೆ ಬರೆಯುವುದು ಇದೇ ಮೊದಲು. ಮನಸ್ಸಿನಲ್ಲಿ ನಿಮ್ಮ ಜೊತೆ ಜಗಳವಾಡಲು ಶುರುಮಾಡಿ ಮೂರು ತಿಂಗಳಾಯಿತು.

ನನ್ನ ಮಗಳ ಕೈ ತೊಳೆದಿರಿ. ಆ ಉಪಕಾರವನ್ನು ಮರೆಯುವುದಿಲ್ಲ.

ವಿಚಾರಣೆಗೆ ನೀವು ಬರೆದುಕೊಟ್ಟದ್ದು ಸರಿಯಲ್ಲ. ನೀವು ಹೇಳಿಕೊಟ್ಟದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ನನಗೇ ಕಾಗದದಲ್ಲಿ ಬರೆದು ತಿಳಿಸಿದ್ದಳು. ಹೆದರಿಕೆಯಲ್ಲಿ ಅವಳ ಕೈ ನಾನು ಕಲಿಸಿದ ಹಾಗೆ ಹೋಯಿತು. ಮೂವತ್ತು ವರ್ಷದಿಂದ ನಾನು ಎಲ್ಲರಿಗೂ ಹಾಗೆಯೇ ಕಲಿಸಿದ್ದೇನೆ. ಆದ್ದರಿಂದ ತಪ್ಪು ನನ್ನದು. ನಿಮ್ಮ ಕಾಗದದಲ್ಲಿ ತಾಯಿಯಿಂದ ಬಂದ ಅಭ್ಯಾಸ ಎಂದು ಬರೆಯಿರಿ. ನಾನು ಬಂದು ಎಲ್ಲರೆದುರಿಗೆ ಹೇಳಲೂ ಸಿದ್ಧ.

ನಿಮಗೆ ನಗು ಬರಬಹುದು. ಅವಳ ಮಧ್ಯಾಹ್ನದ ಊಟ ನಿಮ್ಮ ಜೊತೆ, ಅವಳ ಮೈಮೇಲೆ ನಿಮ್ಮ ಸ್ವೆಟರ್, ಅವಳ ಬಾಯಲ್ಲಿ ನಿಮ್ಮ ಮಾತು. ಆ ತಪ್ಪನ್ನಾದರೂ ನನಗೆ ಬಿಡಿ.

ನಮಸ್ಕಾರಗಳೊಂದಿಗೆ,
ಅವಳ ತಾಯಿ


ಏಪ್ರಿಲ್ 6

ಅಮ್ಮನವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿ ಹತ್ತು ದಿನವಾಯಿತು. ನಗು ಬರಲಿಲ್ಲ. ಉತ್ತರ ಬರೆಯಲು ಎರಡು ಸಲ ಕೂತು ಎದ್ದೆ.

ನೀವು ಹೇಳಿದಂತೆ ಬರೆಯಲು ಆಗುವುದಿಲ್ಲ, ಏಕೆಂದರೆ ನಾನು ಬರೆದದ್ದು ನಿಜ. ಜನವರಿಯಲ್ಲಿ ಅಭ್ಯಾಸದ ದಿನ ಅವಳ ಕೈ ಅಗಲಕ್ಕೆ ಹೋದದ್ದನ್ನು ನಾನು ನೋಡಿದ್ದೆ. ಯಾರು ಕಲಿಸಿದ್ದು ಎಂದು ಕೇಳಿದೆ. “ನಮ್ಮಮ್ಮ” ಎಂದಳು. ಹಾಗೆನ್ನುವಾಗ ಅವಳ ಮುಖ ನೋಡಬೇಕಿತ್ತು ನೀವು. ಹದಿನಾರು ವರ್ಷದಿಂದ ಕಲಿಸುತ್ತಿದ್ದೇನೆ, ನನ್ನ ಹೆಸರನ್ನು ಯಾರೂ ಹಾಗೆ ಹೇಳಿದ್ದಿಲ್ಲ. ನನಗೆ ಚುಚ್ಚಿತು. ಅಲ್ಲೇ ನಿಲ್ಲಿಸಿ ಆ ಕೈಯನ್ನು ನೂರು ಸಲ ತಿದ್ದಬೇಕಿತ್ತು. ಮುಂದಿನ ಪಾಠಕ್ಕೆ ಹೋಗಿಬಿಟ್ಟೆ. ಕಾರಣ ಅದಾಗಿದ್ದರೆ ತಪ್ಪು ಯಾರದು, ನೀವೇ ಹೇಳಿ.

ವಿಚಾರಣೆ ಮುಗಿಯಿತು. ನನಗೆ ಲಿಖಿತ ಎಚ್ಚರಿಕೆ ಕೊಟ್ಟಿದ್ದಾರೆ, ಅದು ದೊಡ್ಡ ವಿಷಯವಲ್ಲ. ಅವಳಿಗೆ ಮೂರು ಅವಕಾಶ ಕೊಟ್ಟಿದ್ದಾರೆ. ಮೇ ಕೊನೆಯೊಳಗೆ, ಮುಂಚೆ ತಿಳಿಸದೆ, ಮೂರು ಸಲ ಬಣ್ಣದ ನೀರು ಚೆಲ್ಲಿ ಪರೀಕ್ಷಿಸುತ್ತಾರೆ. ಮೂರರಲ್ಲಿ ಒಂದನ್ನಾದರೂ ಪೂರ್ತಿ ಸರಿಯಾಗಿ ಮಾಡದಿದ್ದರೆ ಅವಳು ಈ ಕೆಲಸದಲ್ಲಿ ಮುಂದುವರಿಯುವಂತಿಲ್ಲ. ಮೊದಲನೆಯದು ಮೊನ್ನೆ ಆಯಿತು. ಕೈ ಅಗಲಕ್ಕೇ ಹೋಯಿತು.

ನಿಮಗೆ ಗೊತ್ತಿರುವಂತೆ ಅವಳ ಗಂಟಲಿನಲ್ಲಿ ಸ್ವಲ್ಪ ಅಯೋಡಿನ್ ಸೇರಿತ್ತು. ನಾಲ್ಕು ಸಲ ಅಳೆದಿದ್ದೇವೆ. ಇಳಿಯುತ್ತ ಬಂದಿದೆ, ಅಪಾಯದ ಮಟ್ಟಕ್ಕೆ ಯಾವತ್ತೂ ಹೋಗಿರಲಿಲ್ಲ. ಆ ಚಿಂತೆ ಬೇಡ.

ನಾನು ಹೇಳಿದ್ದು ಅವಳ ತಲೆಯಲ್ಲಿದೆ. ನೀವು ಕಲಿಸಿದ್ದು ಕೈಯಲ್ಲಿದೆ. ಅಲ್ಲಿಗೆ ನನಗೆ ಹೋಗಲು ಆಗುತ್ತಿಲ್ಲ. ಇದನ್ನು ಬರೆಯಲು ಕಷ್ಟವಾಯಿತು, ಆದರೆ ಆ ಕೈ ತಿದ್ದಿಕೊಡಿ ಎಂದು ನಿಮ್ಮನ್ನು ಬಿಟ್ಟು ಬೇರೆ ಯಾರನ್ನೂ ಕೇಳುವಂತಿಲ್ಲ.

ವಿಶ್ವಾಸದಿಂದ,
ಸುರಕ್ಷತಾ ಅಧಿಕಾರಿ


ಏಪ್ರಿಲ್ 19

ಅಮ್ಮ,

ನೀನು ಮೇಡಂಗೆ ಏನು ಬರೆದೆ? ಕೇಳಿದರೆ ಹೇಳುವುದಿಲ್ಲ. ನಿನ್ನ ಫೋನೂ ಇಲ್ಲ, ಕಾಗದವೂ ಇಲ್ಲ. ಅಪ್ಪನನ್ನು ಕೇಳಿದರೆ “ನಿಮ್ಮಮ್ಮಂಗೆ ಪುರುಸೊತ್ತಿಲ್ಲ” ಎಂದು ನಗುತ್ತಾರೆ.

ನಿನ್ನೆ ಎರಡನೆಯ ಪರೀಕ್ಷೆ ಆಯಿತು. ಕೂಗಿದೆ, ಕಾಗದ ಹಾಸಿದೆ, ಗುರುತೂ ಹಾಕಿದೆ. ಒರೆಸುವಾಗ ಮತ್ತೆ ಅದೇ. ಇನ್ನು ಒಂದೇ ಉಳಿದಿದೆ.

ಪಾಪು


ಏಪ್ರಿಲ್ 27

ಪಾಪು,

ನಿನ್ನ ಗಂಟಲಿಗೆ ಯಂತ್ರ ಹಿಡಿದು ನಾಲ್ಕು ಸಲ ಅಳೆದದ್ದು ನನಗೆ ಬೇರೆಯವರ ಕಾಗದದಿಂದ ತಿಳಿಯಿತು. “ನಿಮಗೆ ಗೊತ್ತಿರುವಂತೆ” ಎಂದು ಬರೆದಿದ್ದರು. ಗೊತ್ತಿದ್ದವಳ ಹಾಗೆಯೇ ಓದಿಕೊಂಡೆ. ನಿನ್ನಪ್ಪನಿಗೂ, ಪಾಪು ನನಗೆ ಆವತ್ತೇ ಹೇಳಿದ್ದಳು ಎಂದು ಸುಳ್ಳು ಹೇಳಿದೆ. ನನಗೆ ಹೇಳದೆ ಇದ್ದದ್ದಕ್ಕೆ ನೀನು ಬಂದ ಮೇಲೆ ಬೈಯುತ್ತೇನೆ, ಈಗ ಬೇರೆ ಕೆಲಸವಿದೆ.

ಎರಡು ವಾರದಿಂದ ನಾನು ಅಡುಗೆಮನೆಯಲ್ಲಿ ಟೀ ಚೆಲ್ಲಿಕೊಂಡು ಒರೆಸುವುದನ್ನು ಕಲಿಯುತ್ತಿದ್ದೇನೆ. ಹೊರಗಿನಿಂದ ಒಳಕ್ಕೆ. ನಾನೇ ಚೆಲ್ಲಿದರೆ ಕೈ ಹೇಳಿದ ಮಾತು ಕೇಳುತ್ತದೆ. ಬೆಚ್ಚಿಬಿದ್ದಾಗ ಕೇಳುವುದಿಲ್ಲ, ಅಲ್ಲೇ ಇರುವುದು ತೊಂದರೆ. ಅದಕ್ಕೆ ನಿನ್ನಪ್ಪನಿಗೆ ಹೇಳಿದೆ, ಯಾವಾಗ ಬೇಕಾದರೂ, ನನಗೆ ಗೊತ್ತಾಗದ ಹಾಗೆ ಹಿಂದಿನಿಂದ ಬಂದು ಚೆಲ್ಲಿಬಿಡಿ ಎಂದು. ಮದುವೆಯಾದಂದಿನಿಂದ ಅವರಿಗೆ ಇಷ್ಟು ಖುಷಿಯ ಕೆಲಸವನ್ನು ನಾನು ಕೊಟ್ಟೇ ಇರಲಿಲ್ಲ. ತಟ್ಟೆ, ಲೋಟ, ಒಂದು ಸಲ ಬಕೆಟ್ಟು. ಚೆಲ್ಲಿ, ಕುರ್ಚಿಯ ಮೇಲೆ ಕಾಲು ಮಡಚಿ ಕೂತುಕೊಂಡು, “ಕೂಗು, ಮೊದ್ಲು ಕೂಗು” ಎಂದು ಅವರೇ ಕೂಗುತ್ತಿದ್ದರು. ಆರು ದಿನ ನಾನು ಬಾಯಿ ಬಿಡದೆ ಬಟ್ಟೆ ಹಿಡಿದು ಓಡಿದೆ. ಒಂಬತ್ತನೆಯ ದಿನ ಕೂಗಿದೆ, ಆದರೆ ಕೈ ಅಗಲಕ್ಕೇ ಹೋಯಿತು. ಮೊನ್ನೆ, ಹದಿನಾಲ್ಕನೆಯ ದಿನ, ಅವರು ಹಿಂದೆ ಲೋಟ ಬೀಳಿಸಿದರು. ಕೂಗಿದೆ, ನಿಂತೆ, ಮುಚ್ಚಿದೆ. ಕೈ ತಾನಾಗಿಯೇ ಅಂಚಿನಿಂದ ಒಳಕ್ಕೆ ಬಂತು.

ನಿನ್ನಪ್ಪ ಚಪ್ಪಾಳೆ ಹೊಡೆದರು. ನನಗೆ ಅಳು ಬಂತು. ಐವತ್ತಮೂರು ವರ್ಷದ ಕೈ ತಿರುಗಿಬಿಟ್ಟರೆ ನಿನ್ನ ಕೈ ತಿರುಗಲು ಎಷ್ಟು ದಿನ ಬೇಕು? ಎಂಟು ದಿನ ಸಾಕು. ರಜೆ ಹಾಕಿ ಬಾ. ನಾನೂ ಹಾಕಿದ್ದೇನೆ. ನಿನ್ನ ಕೈ ಮೇಲೆ ನನ್ನ ಕೈ ಇಟ್ಟೇ ಮಾಡಿಸುತ್ತೇನೆ, ನಾಚಿಕೆಪಡಬೇಡ.

ಒಂದು ಮಾತು ಮುಚ್ಚಿಡುವುದಿಲ್ಲ. “ಅಲ್ಲಿಗೆ ನನಗೆ ಹೋಗಲು ಆಗುತ್ತಿಲ್ಲ” ಎಂದು ನಿನ್ನ ಮೇಡಂ ಬರೆದ ಸಾಲನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ಓದಿದಷ್ಟೂ ಸಲ ಸಂತೋಷವಾಯಿತು. ಅವರು ಏನೇ ಮಾಡಲಿ, ನಿನ್ನ ಕೈಯಲ್ಲಿ ನಾನೇ ಇದ್ದೇನೆ ಎಂದು. ಎರಡನೆಯ ಪರೀಕ್ಷೆಯೂ ಹೋಯಿತು ಎಂದು ನೀನು ಬರೆದಾಗಲೂ, ದೇವರಾಣೆ, ಮೊದಲು ಅದೇ ಸಂತೋಷ ಬಂತು. ಆಮೇಲೆ ನನ್ನ ಮೇಲೇ ಹೇಸಿಗೆಯಾಯಿತು.

ನಿನ್ನ ಕೈಯಿಂದ ನನ್ನ ಕೈಯನ್ನು ಅಳಿಸಬೇಕು. ಬೇರೆ ದಾರಿಯಿಲ್ಲ. ಆದರೆ ಅದನ್ನು ಅವರಿಗೆ ಬಿಡುವುದಿಲ್ಲ, ನಾನೇ ಅಳಿಸುತ್ತೇನೆ.

ಬೇಗ ಬಾ.

ಅಮ್ಮ